ಎಸ್ಸೆಸ್ಸೆಲ್ಸಿ ವರ್ಷದ ಮೈ-ಮನಸ್ಸು: ಮನೆಯವರು ಮಾಡಬಹುದಾದದ್ದು

ಮಗನೋ ಮಗಳೋ ಹತ್ತನೇ ಕ್ಲಾಸಿಗೆ ಕಾಲಿಟ್ಟ ಕೂಡಲೇ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ತುರ್ತುಸ್ಥಿತಿ ಜಾರಿಯಾಗುತ್ತದೆ. ಕೇಬಲ್ ತೆಗೆಸುತ್ತಾರೆ, ಸಂಜೆಯ ಕ್ರಿಕೆಟ್ ನಿಲ್ಲುತ್ತದೆ, ಮದುವೆ-ಮುಂಜಿಗೆ ಅಮ್ಮ ಒಬ್ಬರೇ ಹೋಗಿ ಅಕ್ಷತೆ ಹಾಕಿ ಬರುತ್ತಾರೆ. ಕಣ್ಣು ಪರೀಕ್ಷೆ, ಹಲ್ಲುನೋವು, ಹೊಟ್ಟೆನೋವು, ಆಗಾಗ ಬರುವ ತಲೆನೋವು ಏನೇ ಇರಲಿ, "ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ" ಎಂಬ ಒಂದೇ ಉತ್ತರ.

ಮೈಗೆ ಪರೀಕ್ಷೆಯ ವೇಳಾಪಟ್ಟಿ ಗೊತ್ತಿಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಅದು ತನ್ನದೇ ದೊಡ್ಡ ಕೆಲಸದಲ್ಲಿ ಮುಳುಗಿರುತ್ತದೆ. ಮೂಳೆ ಉದ್ದವಾಗುತ್ತಿರುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತಿರುತ್ತದೆ, ಹುಡುಗಿಯರಿಗೆ ಮುಟ್ಟು ಇನ್ನೂ ಒಂದು ಕ್ರಮಕ್ಕೆ ಬರುತ್ತಿರುತ್ತದೆ, ಹುಡುಗರ ದನಿ ಒಡೆಯುತ್ತಿರುತ್ತದೆ. ಮಿದುಳಿನಲ್ಲಿ ಮುಂದಾಲೋಚನೆ, ಸಂಯಮಗಳನ್ನು ನೋಡಿಕೊಳ್ಳುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಸಿಟ್ಟು, ಆಸೆ, ಭಯಗಳನ್ನು ಹುಟ್ಟಿಸುವ ಭಾಗ ಮಾತ್ರ ಈಗಲೇ ಪೂರ್ತಿ ವೇಗದಲ್ಲಿ ಓಡುತ್ತಿದೆ. ಇದೇ ವರ್ಷದಲ್ಲಿ ನಾವು ಆ ಮಗುವಿನ ನಿದ್ದೆ, ಆಟ, ಗೆಳೆಯರು ಮೂರನ್ನೂ ಕಿತ್ತುಕೊಂಡು ಕೈಗೊಂದು ಟಾನಿಕ್ ಬಾಟಲಿ ಕೊಡುತ್ತೇವೆ.

ಹೈಸ್ಕೂಲು ಮಕ್ಕಳ ಆರೋಗ್ಯದ ಬಗ್ಗೆ ಸಲಹೆಗಳಿಗೆ ಬರವಿಲ್ಲ. ಎಲ್ಲವನ್ನೂ ಪಾಲಿಸಹೊರಟರೆ ಅಪ್ಪ-ಅಮ್ಮ ಕೆಲಸ ಬಿಟ್ಟು ಮನೆಯಲ್ಲೇ ಕೂರಬೇಕಾದೀತು. ಆದ್ಯತೆ ಕೇಳಿದರೆ ನನ್ನ ಉತ್ತರ ಇದು: ಮೊದಲು ನಿದ್ದೆ, ಆಮೇಲೆ ರಕ್ತ, ಆಮೇಲೆ ಮಾತು. ಈ ಮೂರಕ್ಕೂ ಬದಲಾಗಬೇಕಾದದ್ದು ಮಗುವಿಗಿಂತ ಹೆಚ್ಚಾಗಿ ಮನೆಯ ವೇಳಾಪಟ್ಟಿ.

ನಿದ್ದೆ: ಬ್ರಾಹ್ಮೀ ಮುಹೂರ್ತಕ್ಕೂ ಹದಿನೈದಕ್ಕೂ ಯಾಕೆ ಹೊಂದುವುದಿಲ್ಲ

"ರಾತ್ರಿ ಹನ್ನೊಂದಾದ್ರೂ ಇವನಿಗೆ ನಿದ್ದೆ ಬರಲ್ಲ, ಬೆಳಿಗ್ಗೆ ನೀರು ಚಿಮುಕಿಸಿದ್ರೂ ಏಳಲ್ಲ." ಈ ದೂರನ್ನು ಸೋಮಾರಿತನದ ಖಾತೆಗೆ ಬರೆದುಕೊಳ್ಳುವುದು ವಾಡಿಕೆ. ಒಳಗೆ ನಡೆಯುತ್ತಿರುವುದೇ ಬೇರೆ. ಕತ್ತಲಾದ ಮೇಲೆ ಮಿದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಮಲಗುವ ಹೊತ್ತಾಯಿತು ಎಂದು ಮೈಗೆಲ್ಲ ತಿಳಿಸುವುದು ಅದರ ಕೆಲಸ. ಪ್ರಾಯಕ್ಕೆ ಬಂದಾಗ ಈ ಸೂಚನೆ ಒಂದರಿಂದ ಎರಡು ಗಂಟೆ ತಡವಾಗತೊಡಗುತ್ತದೆ. ಜೊತೆಗೆ, ಎಚ್ಚರವಾಗಿದ್ದಷ್ಟೂ ಹೊತ್ತು ಕಣ್ಣು ಎಳೆಯುವ ಒತ್ತಡವೊಂದು ಕೂಡುತ್ತ ಹೋಗುತ್ತದಲ್ಲ, ಅದೂ ಈ ವಯಸ್ಸಿನಲ್ಲಿ ನಿಧಾನವಾಗಿ ಕೂಡುತ್ತದೆ. ಐದನೇ ಕ್ಲಾಸಿನಲ್ಲಿದ್ದಾಗ ಎಂಟೂವರೆಗೇ ಅಜ್ಜಿಯ ಪಕ್ಕ ನಿದ್ದೆ ಹೋಗುತ್ತಿದ್ದ ಮಗು ಈಗ ಹತ್ತೂವರೆಗೂ ಕಣ್ಣರಳಿಸಿ ಕೂತಿದ್ದರೆ ಅದು ಹಟವಲ್ಲ, ಹಾರ್ಮೋನು. ಇಪ್ಪತ್ತು ದಾಟಿದ ಮೇಲೆ ಗಡಿಯಾರ ಮೆಲ್ಲಗೆ ಹಿಂದಕ್ಕೆ ಬರುತ್ತದೆ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂಬುದು ನಿದ್ದೆಯ ತಜ್ಞರ ಒಮ್ಮತ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕೆ ಮೊದಲು ಆರಂಭವಾಗುವುದು ಬೇಡ ಎಂದು ಹೇಳಿತು. ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ಕಾನೂನೇ ಮಾಡಿ 2022ರ ಜುಲೈನಿಂದ ಜಾರಿಗೆ ತಂದಿತು.

ನಮ್ಮಲ್ಲಿ ಗಾಳಿ ಬೀಸುವುದು ಎದುರು ದಿಕ್ಕಿಗೆ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ಬಲವಾಗಿದೆ. ಟ್ಯೂಷನ್ನುಗಳು ಬೆಳಗಿನ ಐದೂವರೆ ಆರಕ್ಕೆ ಶುರುವಾಗುತ್ತವೆ. ಪರೀಕ್ಷೆ ಹತ್ತಿರ ಬಂದಂತೆ ಕೆಲವು ಜಿಲ್ಲೆಗಳಲ್ಲಿ ಶಿಕ್ಷಕರು ನಸುಕಿನಲ್ಲಿ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ "ವೇಕಪ್ ಕಾಲ್" ಕೂಡ ಇದೆ. ಶಿಕ್ಷಕರ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಲೆಕ್ಕ ನೋಡಿ: ಹನ್ನೊಂದೂವರೆಗೆ ಮಲಗಿದ ಹುಡುಗಿ ನಾಲ್ಕೂವರೆಗೆ ಎದ್ದರೆ ಐದು ಗಂಟೆ ನಿದ್ದೆ. ಬೇಕಾದದ್ದಕ್ಕಿಂತ ದಿನಾ ಮೂರು ಗಂಟೆ ಕಮ್ಮಿ. ಸಾಲ ಬೆಳೆಯುತ್ತ ಹೋಗುತ್ತದೆ, ಅದು ವಸೂಲಾಗುವುದು ಮಧ್ಯಾಹ್ನದ ಗಣಿತದ ಪೀರಿಯಡ್ಡಿನಲ್ಲಿ.

ಓದಿನ ದೃಷ್ಟಿಯಿಂದಲೇ ನೋಡಿದರೂ ಇದು ನಷ್ಟದ ವ್ಯಾಪಾರ. ಹಗಲು ಓದಿದ್ದು ಮೊದಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗದಲ್ಲಿ ತಾತ್ಕಾಲಿಕವಾಗಿ ಕೂತಿರುತ್ತದೆ. ನಿದ್ದೆಯಲ್ಲಿ ಮಿದುಳು ಅದನ್ನು ಮತ್ತೆ ಮತ್ತೆ ತಿರುವಿಹಾಕಿ ಹೊರಪದರದಲ್ಲಿ ಶಾಶ್ವತವಾಗಿ ಜೋಡಿಸಿಡುತ್ತದೆ. ರಾತ್ರಿಯ ಮೊದಲರ್ಧದಲ್ಲಿ ಗಾಢನಿದ್ದೆಯ ಪಾಲು ಹೆಚ್ಚು. ಬೆಳೆಯುವುದಕ್ಕೆ ಬೇಕಾದ ಹಾರ್ಮೋನು ಜಾಸ್ತಿ ಒಸರುವುದು ಆಗಲೇ. ಬೆಳಗಿನ ಜಾವದತ್ತ ಹೋದಂತೆ ಕನಸು ಬೀಳುವ ನಿದ್ದೆಯ ಪಾಲು ಏರುತ್ತದೆ. ಮನಸ್ಸಿನ ಏರಿಳಿತ ಸಮಸ್ಥಿತಿಗೆ ಬರುವುದರಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ. ನಾಲ್ಕೂವರೆಗೆ ಅಲಾರಾಂ ಹೊಡೆದಾಗ ಕತ್ತರಿಸಿ ಹೋಗುವುದು ಈ ಎರಡನೆಯ ಭಾಗವೇ. ಸಣ್ಣ ಮಾತಿಗೆ ಕಣ್ಣೀರು, ತಮ್ಮನ ಮೇಲೆ ಕೂಗಾಟ, ತಟ್ಟೆ ಕುಕ್ಕುವುದು ಇವುಗಳಲ್ಲಿ ಎಷ್ಟು ಪಾಲು ಸ್ವಭಾವ, ಎಷ್ಟು ಪಾಲು ನಿದ್ದೆಗೇಡು ಎಂದು ತಿಳಿಯಬೇಕಾದರೆ ಎರಡು ವಾರ ನೆಟ್ಟಗೆ ಮಲಗಲು ಬಿಟ್ಟು ನೋಡಬೇಕು.

ಹಾಗಾದರೆ ನಸುಕಿನಲ್ಲಿ ಏಳುವುದೇ ತಪ್ಪೇ? ಅಲ್ಲ. ತಪ್ಪಿರುವುದು ರಾತ್ರಿಯನ್ನು ಎರಡೂ ತುದಿಯಿಂದ ಕತ್ತರಿಸುವುದರಲ್ಲಿ. ಐದೂವರೆಯ ಟ್ಯೂಷನ್ ಬಿಡಲಾಗದು ಎಂದಾದರೆ ಅಲ್ಲಿಂದ ಹಿಂದಕ್ಕೆ ಎಣಿಸಿ: ಐದಕ್ಕೆ ಏಳಬೇಕು, ಎಂಟು ಗಂಟೆ ನಿದ್ದೆ ಬೇಕು, ಅಂದರೆ ಒಂಬತ್ತಕ್ಕೆ ದೀಪ ಆರಬೇಕು, ಊಟ ಏಳೂವರೆಗೆ ಮುಗಿಯಬೇಕು. ಇದು ಆಗದ ಮಾತು ಅನ್ನಿಸಿದರೆ, ನಿಜವಾಗಿಯೂ ಆಗದ ಮಾತೇ. ಒಂಬತ್ತಕ್ಕೆ ಆ ವಯಸ್ಸಿನ ಮೈ ಮಲಗಲು ತಯಾರಿರುವುದಿಲ್ಲ. ಹಾಗಾಗಿ ಮೊದಲು ಪ್ರಶ್ನಿಸಬೇಕಾದದ್ದು ಟ್ಯೂಷನ್ನಿನ ಹೊತ್ತನ್ನು. ನಾಲ್ಕು ಪೋಷಕರು ಸೇರಿ ಕೇಳಿದರೆ ಸಂಜೆಯ ಬ್ಯಾಚ್ ಮಾಡಿಕೊಡುವ ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದಾರೆ. ಹತ್ತು ಹತ್ತೂವರೆಗೆ ಮಲಗಿ ಆರೂವರೆಗೆ ಏಳುವ ಏರ್ಪಾಡು ಬಹುಪಾಲು ಮಕ್ಕಳಿಗೆ ಒಗ್ಗುತ್ತದೆ.

ಇನ್ನು ಮನೆಯ ಪಾಲು. ಮಗುವಿಗೆ ಮಲಗು ಎಂದು ಹೇಳಿ ಹಾಲ್‌ನಲ್ಲಿ ಹತ್ತೂವರೆಯ ಧಾರಾವಾಹಿ ಹಾಕಿಕೊಂಡು ಕೂತರೆ ಕೆಲಸ ನಡೆಯದು. ಒಂದು ಕೋಣೆ, ಒಂದು ಅಡುಗೆಮನೆ ಇರುವ ಮನೆಯಲ್ಲಿ ಮಗುವಿನ ಮಲಗುವ ಹೊತ್ತು ಎಂದರೆ ಮನೆಯವರೆಲ್ಲರ ಮಲಗುವ ಹೊತ್ತು, ಬೇರೆ ದಾರಿಯಿಲ್ಲ. ರಾತ್ರಿ ಪ್ರಖರವಾದ ಟ್ಯೂಬ್‌ಲೈಟ್ ಬದಲು ಓದುವ ಜಾಗಕ್ಕೆ ಮಾತ್ರ ಒಂದು ದೀಪ ಇಟ್ಟರೆ ಮೆಲಟೋನಿನ್‌ಗೆ ಅಡ್ಡಿ ಕಮ್ಮಿ. ಬೆಳಿಗ್ಗೆ ಎದ್ದ ಕೂಡಲೇ ಹದಿನೈದು ಇಪ್ಪತ್ತು ನಿಮಿಷ ತಾರಸಿಯ ಮೇಲೋ ಅಂಗಳದಲ್ಲೋ ಬೆಳಕಿಗೆ ನಿಂತರೆ ದೇಹದ ಗಡಿಯಾರ ಸ್ವಲ್ಪ ಮುಂಚಿತವಾಗಿ ಹೊಂದಿಕೊಳ್ಳುತ್ತದೆ. ಗಿಡಕ್ಕೆ ನೀರು ಹಾಕುವ, ಹಾಲು ತರುವ ಕೆಲಸ ಹೇಳಿದರೆ ಮದ್ದು ತಾನಾಗಿ ಮೈಗೆ ಹತ್ತುತ್ತದೆ. ಕಾಫಿ-ಟೀಯಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಆದ್ದರಿಂದ "ಓದೋಕೆ ಎಚ್ಚರ ಇರ್ಲಿ" ಎಂದು ರಾತ್ರಿ ಒಂಬತ್ತಕ್ಕೆ ಕೊಡುವ ಲೋಟ ಕಾಫಿ ನಡುರಾತ್ರಿ ದಾಟಿ ಎರಡರವರೆಗೂ ಕಾಡುತ್ತದೆ. ಭಾನುವಾರ ಒಂದು ಗಂಟೆ ಹೆಚ್ಚು ಮಲಗಲಿ. ಹನ್ನೊಂದರವರೆಗೆ ಮಲಗಿದರೆ ಅಂದು ರಾತ್ರಿ ಮತ್ತೆ ಕಷ್ಟ. ಶಾಲೆಯಿಂದ ಬಂದು ಇಪ್ಪತ್ತು ನಿಮಿಷ ಅಡ್ಡಾದರೆ ಯಾರೂ ರೇಗಬೇಕಿಲ್ಲ.

ರಕ್ತ: ಬಳಪ ತಿನ್ನುವ ಹುಡುಗಿ

ಪೋಷಕರ ಸಭೆಗಳಲ್ಲಿ ಕೇಳಿಬರುವ ಒಂದು ಮಾತುಕತೆ ಇದು. "ಮೇಡಂ, ಇವಳು ಪುಸ್ತಕ ಹಿಡಿದ್ರೆ ತೂಕಡಿಸ್ತಾಳೆ. ನೆನಪಿನ ಶಕ್ತಿಗೆ ಏನಾದ್ರೂ ಟಾನಿಕ್ ಹೇಳಿ." ಹುಡುಗಿ ತಲೆ ತಗ್ಗಿಸಿ ನಿಂತಿರುತ್ತಾಳೆ, ಉಗುರಿನ ತುದಿ ಬಿಳಿಚಿಕೊಂಡಿರುತ್ತದೆ. ಮೆಲ್ಲಗೆ ಕೇಳಿದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎನ್ನುತ್ತಾಳೆ, ಬಾಚಣಿಗೆ ತುಂಬ ಕೂದಲು ಬರುತ್ತದೆ ಎನ್ನುತ್ತಾಳೆ. ಇನ್ನೂ ಮೆಲ್ಲಗೆ ಕೇಳಿದರೆ, ಬಳಪ ತಿನ್ನುತ್ತೇನೆ, ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತೇನೆ ಎಂದೂ ಹೇಳಿಬಿಡುತ್ತಾಳೆ. ಬಳಪ, ಮಣ್ಣು, ಹಸಿ ಅಕ್ಕಿ, ಐಸ್ ತಿನ್ನುವ ಚಪಲ ಕಬ್ಬಿಣದ ಕೊರತೆಯ ಹಳೆಯ ಗುರುತು. ಬೈದು ಬಿಡಿಸುವ ಚಟವಲ್ಲ ಅದು, ರಕ್ತ ಪರೀಕ್ಷೆ ಮಾಡಿಸಬೇಕಾದ ಲಕ್ಷಣ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲಿ ನೂರಕ್ಕೆ 31. ಹುಡುಗರ ಈ ಸಂಖ್ಯೆಯನ್ನು ಯಾರೂ ಗಮನಿಸುವುದಿಲ್ಲ. ಒಂದೇ ವರ್ಷದಲ್ಲಿ ಪ್ಯಾಂಟು ಎರಡು ಸಲ ಗಿಡ್ಡವಾಗುವಷ್ಟು ಬೆಳೆಯುವ ಹುಡುಗನಿಗೂ ರಕ್ತ ತಯಾರಿಸಲು ಕಬ್ಬಿಣ ಬೇಕಲ್ಲ.

ಕಬ್ಬಿಣ ಕಮ್ಮಿಯಾದರೆ ಹಿಮೋಗ್ಲೋಬಿನ್ ಕಮ್ಮಿಯಾಗುತ್ತದೆ, ಹಿಮೋಗ್ಲೋಬಿನ್ ಕಮ್ಮಿಯಾದರೆ ಆಮ್ಲಜನಕದ ಸಾಗಣೆ ಕುಂಟುತ್ತದೆ. ಮಿದುಳು ಆಮ್ಲಜನಕದ ದೊಡ್ಡ ಗಿರಾಕಿ. ಹಾಗಾಗಿ "ಗಮನ ಇಲ್ಲ", "ನೆನಪಿರಲ್ಲ" ಎಂಬ ದೂರುಗಳ ಬೇರು ಎಷ್ಟೋ ಸಲ ತಲೆಯಲ್ಲಿಲ್ಲ, ರಕ್ತದಲ್ಲಿದೆ. ಪರೀಕ್ಷೆ ಸರಳ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುತ್ತದೆ. ಹದಿನೈದು ದಾಟಿದ ಹುಡುಗಿಯರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಹುಡುಗರಿಗೆ 13 ಗ್ರಾಂಗಿಂತ ಕಮ್ಮಿ ಇದ್ದರೆ ರಕ್ತಹೀನತೆ ಎಂದು ಲೆಕ್ಕ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದಕ್ಕಾಗಿಯೇ. ಅದರಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇದೆ. ಅದನ್ನು ಕಿಟಕಿಯಾಚೆ ಎಸೆಯುವ ಮಕ್ಕಳೂ, "ತಗೋಬೇಡ, ವಾಂತಿ ಆಗುತ್ತೆ" ಎಂದು ಹೇಳಿ ಕಳಿಸುವ ಮನೆಯವರೂ ಇದ್ದಾರೆ. ಹೊಟ್ಟೆ ತೊಳಸುವುದು ನಿಜ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಇನ್ನೂ ಜಾಸ್ತಿ. ಊಟವಾದ ಮೇಲೆ ತೆಗೆದುಕೊಂಡರೆ ಬಹಳಷ್ಟು ಮಕ್ಕಳಿಗೆ ತೊಂದರೆಯಾಗದು. ಮಲ ಕಪ್ಪಾಗುತ್ತದೆ, ಅದು ಮಾತ್ರೆಯ ಕಬ್ಬಿಣದಿಂದ, ಗಾಬರಿ ಬೇಡ ಎಂದು ಮಗುವಿಗೆ ಮೊದಲೇ ಹೇಳಿಡಿ. ಹಾಲು, ಟೀ ಜೊತೆ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಜಂತುಹುಳದ ಮಾತ್ರೆಯೂ ಇದೇ ಲೆಕ್ಕಕ್ಕೆ ಸೇರಿದ್ದು. ಹೊಟ್ಟೆಯೊಳಗಿನ ಕೊಕ್ಕೆಹುಳ ಕುಡಿಯುವುದೇ ರಕ್ತವನ್ನು. ರಕ್ತಹೀನತೆ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರ ವಾರದ ಮಾತ್ರೆ ಸಾಲದು, ಪ್ರಮಾಣವನ್ನು ವೈದ್ಯರು ಹೇಳಬೇಕು.

ಊಟದ ವಿಷಯಕ್ಕೆ ಬಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2020ರ ಶಿಫಾರಸು 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಎನ್ನುತ್ತದೆ, ಅದೇ ವಯಸ್ಸಿನ ಹುಡುಗನಿಗೆ 22. ಕೆಂಪಗಿದೆ ಎಂಬ ಕಾರಣಕ್ಕೆ ಬೀಟ್‌ರೂಟ್ ರಸ ಕುಡಿಸುವುದರಿಂದ ಈ ಲೆಕ್ಕ ತುಂಬುವುದಿಲ್ಲ, ಅದರಲ್ಲಿ ಕಬ್ಬಿಣ ತೀರಾ ಕಮ್ಮಿ. ಹುರುಳಿ, ಕಡಲೆ, ಹಲಸಂದೆ, ದಂಟಿನ ಸೊಪ್ಪು, ಎಳ್ಳು, ತಿನ್ನುವವರಾದರೆ ಮಾಂಸ, ಲಿವರ್ ಇವು ನಂಬಬಹುದಾದವು. ಸಸ್ಯಾಹಾರದ ಕಬ್ಬಿಣವನ್ನು ಮೈ ಅಷ್ಟು ಸುಲಭವಾಗಿ ಹೀರಿಕೊಳ್ಳದು. ಅದಕ್ಕೆ ಹುಳಿಯ ಜೊತೆ ಬೇಕು. ಕೋಸಂಬರಿಗೆ ನಿಂಬೆ ಹಿಂಡುವುದು, ಉಸಲಿಯ ಜೊತೆ ಸೀಬೆಹಣ್ಣು, ಊಟಕ್ಕೆ ನೆಲ್ಲಿಕಾಯಿ ಚಟ್ನಿ ಇವು ರುಚಿಗಷ್ಟೇ ಅಲ್ಲ, ವಿಟಮಿನ್ ಸಿ ಒದಗಿಸಿ ಕಬ್ಬಿಣವನ್ನು ಒಳಗೆ ತಲುಪಿಸುತ್ತವೆ. ಊಟದ ಬೆನ್ನಿಗೇ ಕುಡಿಯುವ ಟೀ ಅದೇ ಕೆಲಸವನ್ನು ಕೆಡಿಸುತ್ತದೆ, ಒಂದು ಗಂಟೆ ಬಿಟ್ಟು ಕುಡಿದರೆ ಅಡ್ಡಿಯಿಲ್ಲ. ರಾಗಿಯನ್ನು ಮೊಳಕೆ ಬರಿಸಿ ಹುರಿದು ಹಿಟ್ಟು ಮಾಡುವ ಅಜ್ಜಿಯರ ಪದ್ಧತಿಯಲ್ಲಿ ದೊಡ್ಡ ಅರ್ಥವಿದೆ: ಮೊಳಕೆಯೊಡೆದಾಗ ಕಬ್ಬಿಣ, ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಬರುವ ಫೈಟೇಟ್ ಇಳಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ಮೂಳೆ ಬೆಳೆಯುವ ಈ ವಯಸ್ಸಿಗೆ ಹೇಳಿಮಾಡಿಸಿದಂತಿದೆ.

ಬೆಳಗಿನ ಟ್ಯೂಷನ್ನಿಗೆ ಬರೀ ಟೀ ಕುಡಿದು ಓಡುವುದು ಹೆಚ್ಚಿನ ಮನೆಗಳಲ್ಲಿ ನಡೆಯುತ್ತಿರುವ ತಪ್ಪು. ಅಷ್ಟು ಹೊತ್ತಿಗೆ ತಿಂಡಿ ಮಾಡಿಡಲು ಅಮ್ಮನಿಗೂ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಎರಡು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ-ಕಡಲೆಬೀಜ, ಅಥವಾ ರಾತ್ರಿಯೇ ಬೇಯಿಸಿಟ್ಟ ಮೊಟ್ಟೆ ಸಾಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೂ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ದೊಡ್ಡವರಾದೆವೆಂಬ ನಾಚಿಕೆಯಿಂದ ಎಂಟು-ಒಂಬತ್ತನೇ ಕ್ಲಾಸಿನ ಮಕ್ಕಳು ಸಾಲಿನಲ್ಲಿ ನಿಲ್ಲದೆ ತಪ್ಪಿಸಿಕೊಳ್ಳುತ್ತಾರೆ. ಮಧ್ಯಾಹ್ನ ಏನು ತಿಂದೆ ಎಂಬ ಪ್ರಶ್ನೆ ಎಷ್ಟು ಅಂಕ ಬಂತು ಎಂಬುದಕ್ಕಿಂತ ಮೊದಲು ಬರಲಿ.

ಮುಟ್ಟಿನ ಬಗ್ಗೆ ಒಂದು ಮಾತು. ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ನೆನೆಯುವುದು, ನೋವಿಗೆ ಪ್ರತಿ ತಿಂಗಳು ಶಾಲೆ ತಪ್ಪುವುದು ಇವು "ಎಲ್ಲರಿಗೂ ಇರುತ್ತೆ" ಎಂದು ತಳ್ಳಿಹಾಕುವ ಸಂಗತಿಗಳಲ್ಲ. ರಕ್ತಹೀನತೆಯ ಮೂಲ ಅಲ್ಲೇ ಇರಬಹುದು. ಶಾಲೆಯ ಶೌಚಾಲಯ ಚೆನ್ನಾಗಿಲ್ಲವೆಂದು ಹುಡುಗಿಯರು ಬೆಳಗಿನಿಂದ ಸಂಜೆವರೆಗೆ ನೀರೇ ಕುಡಿಯದೆ ಇರುವುದೂ ಉಂಟು. ಇದನ್ನು ಪೋಷಕರಿರುವ ಶಾಲಾ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ಅಮ್ಮಂದಿರಷ್ಟೇ ಅಲ್ಲ, ಅಪ್ಪಂದಿರೂ ಎತ್ತಬೇಕು.

ಇನ್ನುಳಿದ ಮೈ

ವಿಶ್ವ ಆರೋಗ್ಯ ಸಂಸ್ಥೆ 17 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆನ್ನುತ್ತದೆ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ಶಾಲೆಗಳಲ್ಲಿ ಇದು ಸಿಗದು. ಟ್ಯೂಷನ್ನಿಗೆ ಸೈಕಲ್ಲಿನಲ್ಲಿ ಹೋಗಲಿ, ಸಂಜೆ ಮುಕ್ಕಾಲು ಗಂಟೆ ಬೀದಿಯಲ್ಲಿ ಆಡಲಿ. ಹಗಲು ಬೆಳಕಿನಲ್ಲಿ ಹೊರಗಿರುವ ಮಕ್ಕಳಿಗೆ ದೂರದ್ದು ಮಂಜಾಗಿ ಕಾಣುವ ತೊಂದರೆ ಕಮ್ಮಿ ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ. ತೈವಾನ್ 2010ರಲ್ಲೇ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಯೋಜನೆಯನ್ನು ಶಾಲೆಗಳಲ್ಲಿ ಶುರುಮಾಡಿತು. ಹಿಂದಿನ ಬೆಂಚಿನಿಂದ ಬೋರ್ಡು ಕಾಣದೆ ಗೆಳತಿಯ ನೋಟ್ಸ್ ನೋಡಿ ಬರೆಯುವ ಮಗು ಅದನ್ನು ತಾನಾಗಿ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ.

ಮೊಡವೆಗೆ, ಬೆಳ್ಳಗಾಗುವುದಕ್ಕೆ ಎಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಕ್ರೀಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲ ಎರಡು ವಾರ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪಾಗಿ, ಬಿಟ್ಟರೆ ಉರಿಯತೊಡಗುತ್ತದೆ. ಅದನ್ನು ಹಚ್ಚುವಂತೆ ಮಾಡುವುದು ನಾವೇ. ಗೃಹಪ್ರವೇಶಕ್ಕೆ ಬಂದ ಅತ್ತೆ "ಏನೇ, ಇಷ್ಟು ಕಪ್ಪಗಾಗಿದೀಯ", "ಡುಮ್ಮಿ ಆಗಿಬಿಟ್ಟೆ" ಎಂದಾಗ ಅಮ್ಮ ನಕ್ಕು ಸುಮ್ಮನಾದರೆ ಮಗಳು ಅದನ್ನು ತೀರ್ಪೆಂದೇ ತೆಗೆದುಕೊಳ್ಳುತ್ತಾಳೆ. "ಅತ್ತಿಗೆ, ಅವಳ ಮೈ ಬಗ್ಗೆ ಮಾತು ಬೇಡ" ಎಂದು ಅಲ್ಲೇ, ಎಲ್ಲರ ಎದುರೇ ಹೇಳಿದರೆ ಎಷ್ಟೋ ಭಾಷಣಕ್ಕೆ ಸಮ.

ಹುಡುಗರ ಪಾಡು ಬೇರೆ. ಹುಡುಗಿಗೆ ಅಮ್ಮನೋ ಅಕ್ಕನೋ ಏನಾದರೂ ಹೇಳಿರುತ್ತಾರೆ. ಹುಡುಗನಿಗೆ ನಿದ್ದೆಯಲ್ಲಿ ಆಗುವ ಸ್ಖಲನದ ಬಗ್ಗೆ ಹೇಳುವವರು ಯಾರೂ ಇಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಲಾಡ್ಜ್ ಡಾಕ್ಟರ ಜಾಹೀರಾತೇ ಪಾಠ. ಅದು ಸಹಜ, ಶಕ್ತಿ ಸೋರುವುದಿಲ್ಲ, ರೋಗವಲ್ಲ ಎಂಬ ಮೂರು ಮಾತು ಅಪ್ಪನ ಬಾಯಿಂದ ಬರಲು ಎರಡು ನಿಮಿಷ ಸಾಕು. ಅಪ್ಪನಿಗೆ ಸಂಕೋಚವಾದರೆ ಸೋದರಮಾವನಿಗೆ ವಹಿಸಬಹುದು.

ಲಸಿಕೆ ಎಂದರೆ ಪುಟ್ಟ ಮಕ್ಕಳದು ಎಂಬ ಭಾವನೆಯಿದೆ. ರಾಷ್ಟ್ರೀಯ ಪಟ್ಟಿಯಲ್ಲಿ 10 ಮತ್ತು 16ನೇ ವರ್ಷಕ್ಕೆ ಧನುರ್ವಾಯು-ಗಂಟಲಮಾರಿಯ ಟಿಡಿ ಲಸಿಕೆ ಇದೆ; ಹದಿನಾರರದ್ದು ಹೆಚ್ಚಿನವರಿಗೆ ಮರೆತೇಹೋಗಿರುತ್ತದೆ. ಡಾಕ್ಟರ ಹತ್ತಿರ ಹೋದಾಗ ಐದು ನಿಮಿಷ ನೀವು ಹೊರಗೆ ಕೂತು ಮಗುವನ್ನು ಒಬ್ಬಂಟಿಯಾಗಿ ಮಾತಾಡಲು ಬಿಡಿ. ನಿಮ್ಮೆದುರು ಬಾರದ ಮಾತು ಅಲ್ಲಿ ಬರುತ್ತದೆ.

ಫೋನು

ಹೋಮ್‌ವರ್ಕ್ ಬರುವುದೂ ವಾಟ್ಸಾಪ್‌ನಲ್ಲೇ ಆದ್ದರಿಂದ ಫೋನ್ ಕಿತ್ತಿಟ್ಟರಾಯಿತು ಎಂಬ ಪರಿಹಾರ ಈಗ ನಡೆಯದು. ನಡೆಯುವ ಒಂದು ಕ್ರಮವಿದೆ: ರಾತ್ರಿ ಒಂಬತ್ತೂವರೆಗೆ ಮನೆಯ ಎಲ್ಲ ಫೋನುಗಳೂ ಅಡುಗೆಮನೆಯ ಪ್ಲಗ್ಗಿನ ಹತ್ತಿರ ಚಾರ್ಜಿಗೆ ಹೋಗಬೇಕು. ಎಲ್ಲ ಎಂದರೆ ಅಪ್ಪನದೂ ಸೇರಿ. ಅಲಾರಾಂಗೆ ಫೋನ್ ಬೇಕೆಂಬ ನೆಪ ತಪ್ಪಿಸಲು ಒಂದು ಸಾದಾ ಅಲಾರಾಂ ಗಡಿಯಾರ ತನ್ನಿ. ಗೇಮಿಗಾಗಿ ಊಟ, ನಿದ್ದೆ, ಶಾಲೆ ಬಿಡುವ ಮಟ್ಟಕ್ಕೆ ಹೋಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ "ಶಟ್" ಕ್ಲಿನಿಕ್ ಇದೆ.

ಇನ್ನೊಂದು ಅಪಾಯದ ಬಗ್ಗೆ ಮನೆಗಳಲ್ಲಿ ಮಾತೇ ಆಗುವುದಿಲ್ಲ. ಫೋಟೋ ಇಟ್ಟುಕೊಂಡು ಹೆದರಿಸುವವರ ಕೈಗೆ ಸಿಕ್ಕ ಮಗು ಮನೆಯಲ್ಲಿ ಬಾಯಿಬಿಡದಿರಲು ಮುಖ್ಯ ಕಾರಣ ಬೈಗುಳದ ಭಯ ಮತ್ತು ಫೋನ್ ಹೋಗುತ್ತದೆಂಬ ಭಯ. "ಏನೇ ಆಗಿರ್ಲಿ, ನಮ್ಮ ಹತ್ರ ಹೇಳಿದ್ರೆ ಬೈಯಲ್ಲ, ಫೋನೂ ಕಿತ್ಕೊಳಲ್ಲ" ಎಂಬ ಮಾತು ಅಂಥದ್ದೇನೂ ನಡೆಯುವ ಮುಂಚೆಯೇ ಕೊಟ್ಟಿರಬೇಕು. ಸೈಬರ್ ಅಪರಾಧದ ಸಹಾಯವಾಣಿ 1930.

ಮಾತು

ಕುಳ್ಳಿರಿಸಿ "ನಿನ್ನ ಹತ್ರ ಮಾತಾಡ್ಬೇಕು" ಎಂದರೆ ಆ ವಯಸ್ಸಿನ ಮಗು ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಮುಖ ನೋಡಬೇಕಿಲ್ಲದ ಕಡೆ ಮಾತು ಹೊರಡುತ್ತದೆ. ಸ್ಕೂಟರಿನ ಹಿಂದೆ ಕೂತಾಗ, ಅವರೆಕಾಯಿ ಸುಲಿಯುವಾಗ, ಒಗೆದ ಬಟ್ಟೆ ಮಡಚುವಾಗ. ಸುಲಿಯುತ್ತ ಸುಲಿಯುತ್ತ ನಿಮ್ಮ ಆಫೀಸಿನ ಒಂದು ಪೇಚಾಟವನ್ನು ನೀವೇ ಹೇಳಿ. ಹತ್ತು ನಿಮಿಷ ಬಿಟ್ಟು ಅದು ತನ್ನದನ್ನು ಹೇಳೀತು. ಹೇಳಿದಾಗ ತಕ್ಷಣ ಪರಿಹಾರ ಕೊಡಬೇಡಿ, ಇದೇ ಅತ್ಯಂತ ಕಷ್ಟದ ಭಾಗ. "ಆಮೇಲೆ?" ಎಂದಷ್ಟೇ ಕೇಳಿ. ನಿಮಗೆ ಹೇಳಿದ್ದು ಸಂಜೆಯೊಳಗೆ ಚಿಕ್ಕಮ್ಮನಿಗೆ ಫೋನಿನಲ್ಲಿ ತಲುಪಿತೆಂದು ಗೊತ್ತಾದರೆ ಮುಂದಿನ ಮಾತು ಬರುವುದಿಲ್ಲ.

ಖಿನ್ನತೆ ಎಂದರೆ ಮೂಲೆಯಲ್ಲಿ ಅಳುತ್ತ ಕೂರುವುದೆಂಬ ಚಿತ್ರ ನಮ್ಮಲ್ಲಿದೆ. ಹದಿಹರೆಯದಲ್ಲಿ ಅದು ಎಷ್ಟೋ ಸಲ ಸಿಟ್ಟಿನ ವೇಷದಲ್ಲಿ, ಕಾರಣ ಸಿಗದ ತಲೆನೋವು ಹೊಟ್ಟೆನೋವಿನ ವೇಷದಲ್ಲಿ ಬರುತ್ತದೆ. ಬೇಸರ ಅಥವಾ ಸಿಡುಕು ಎರಡು ವಾರಕ್ಕಿಂತ ಹೆಚ್ಚು ಎಡೆಬಿಡದೆ ಇದ್ದರೆ, ಇಷ್ಟದ ಆಟ, ಗೆಳೆಯರು, ತಿಂಡಿ ಯಾವುದೂ ಬೇಡವಾಗಿದ್ದರೆ, ನಿದ್ದೆ ಊಟ ತಲೆಕೆಳಗಾಗಿದ್ದರೆ, ಮೈಮೇಲೆ ಗಾಯದ ಗುರುತು ಕಂಡರೆ, "ನಾನಿಲ್ದಿದ್ರೆ ನಿಮಗೆ ಆರಾಮ" ಎಂಬಂಥ ಮಾತು ಬಂದರೆ ಪರೀಕ್ಷೆ ಮುಗಿಯಲೆಂದು ಕಾಯಬೇಡಿ. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಮೊದಲು ತಲೆಯೆತ್ತುವುದು 18 ವರ್ಷದೊಳಗೆ, ಬೇಗ ಹಿಡಿದರೆ ಚಿಕಿತ್ಸೆ ಸುಲಭ.

ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ. "ಬದುಕೇ ಬೇಡ ಅನ್ಸುತ್ತಾ ಪುಟ್ಟಾ?" ಎಂದು ನೇರವಾಗಿ, ಮೆಲ್ಲಗೆ ಕೇಳಬಹುದು, ಕೇಳಬೇಕು. ಹೌದೆಂದರೆ ಒಬ್ಬರನ್ನೇ ಬಿಡದೆ ಜೊತೆಗಿದ್ದು ಅಂದೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳೇ ನೇರವಾಗಿ ಕರೆ ಮಾಡಲು 1098 ಇದೆ. ಎರಡನ್ನೂ ಬರೆದು ಫ್ರಿಜ್ಜಿಗೆ ಅಂಟಿಸಿಡಿ. ಮನೋವೈದ್ಯರೆಂದರೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲೂ ಸಿಗುತ್ತಾರೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದೇ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದ ಮಾದರಿಯ ಮೇಲೆ.

ಫಲಿತಾಂಶದ ದಿನ

ಇದಕ್ಕೆ ತಯಾರಿ ಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಹಿಂದಿನ ರಾತ್ರಿಯೇ ಕೆಲವನ್ನು ತೀರ್ಮಾನಿಸಿಡಿ. ಫಲಿತಾಂಶವನ್ನು ಮೊದಲು ಮಗು ನೋಡಲಿ, ಎದುರುಮನೆಯವರ ಲ್ಯಾಪ್‌ಟಾಪಿನಲ್ಲಿ ಬೇಡ. ಅಪ್ಪ-ಅಮ್ಮನಲ್ಲಿ ಒಬ್ಬರು ಅಂದು ರಜೆ ಹಾಕಿ ಮನೆಯಲ್ಲಿರಲಿ. ಸಂಬಂಧಿಕರ ಫೋನುಗಳನ್ನು ನೀವು ತೆಗೆದುಕೊಳ್ಳಿ, "ಅವಳೇ ಆಮೇಲೆ ಹೇಳ್ತಾಳೆ" ಎಂದು ಮುಗಿಸಿ. ಫ್ಯಾಮಿಲಿ ಗ್ರೂಪಿನಲ್ಲಿ ಇನ್ನೊಬ್ಬರ ಮಗುವಿನ 610ಕ್ಕೆ ಹೂಗುಚ್ಛದ ಚಿತ್ರ ಹಾಕುವುದು ಸಂಜೆಯ ಮೇಲಾದರೂ ನಡೆಯುತ್ತದೆ.

ಅಂಕ ಕಮ್ಮಿ ಬಂದರೆ, ಅಥವಾ ಒಂದು ವಿಷಯ ಹೋದರೆ, ಮೊದಲ ಗಂಟೆಯಲ್ಲಿ ಕಾರಣ ಹುಡುಕಬೇಡಿ. "ಟ್ಯೂಷನ್ನಿಗೆ ಎಷ್ಟು ದುಡ್ಡು ಸುರಿದೆ" ಎಂಬುದು ಆ ದಿನ ಬಾಯಿಗೆ ಬರಲೇಬಾರದು. ಊಟ ಮಾಡಿ, ಮಲಗಲು ಬಿಡಿ. 2024ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಹೋದ ವಿಷಯವನ್ನಷ್ಟೇ ಅಲ್ಲ, ಕಮ್ಮಿ ಬಂದ ವಿಷಯವನ್ನೂ ಮತ್ತೆ ಬರೆದು ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು, ವರ್ಷ ಹಾಳಾಗುವುದಿಲ್ಲ. ಇದನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕೆಂದು ಹೇಳಿದರೆ ಮಗು ನಂಬುವುದು ಕಷ್ಟ. ಜನವರಿಯಲ್ಲೇ, ಊಟಕ್ಕೆ ಕೂತಾಗ, ಬೇರೇನೋ ಮಾತಿನ ನಡುವೆ ಹೇಳಿರಿ. ಮಾರ್ಚ್‌ಗೆ ಮುಂಚೆ ಶಾಲೆಗೆ ಹೋದಾಗ ಎರಡನೇ ಪರೀಕ್ಷೆಗೆ ಅರ್ಜಿ ಹಾಕುವ ಕ್ರಮ ಹೇಗೆ, ಎಷ್ಟು ದಿನ ಅವಕಾಶ ಕೊಡುತ್ತಾರೆ ಎಂಬುದನ್ನು ಕ್ಲಾಸ್ ಟೀಚರ್ ಹತ್ತಿರ ಕೇಳಿಟ್ಟುಕೊಳ್ಳಿ.